ಒಂದೇ ಕೋಶದಲ್ಲಿರುವ ಸರ್ವೆ ನಂಬರ್‌ಗಳನ್ನು ಬೇರೆ ಬೇರೆ ಸಾಲಿಗೆ ಇಳಿಸುವುದು: ಮೂರು ತಾಕು ಒಂಬತ್ತಾದದ್ದೇಕೆ?

ಪ್ರಶ್ನೆ: ನಮ್ಮದು ರೈತ ಉತ್ಪಾದಕ ಕಂಪನಿ. ಸದಸ್ಯರ ಪಟ್ಟಿ ಸಿಎಸ್‌ವಿ ಫೈಲಿನಲ್ಲಿ ಬರುತ್ತದೆ, ಒಬ್ಬ ಸದಸ್ಯರಿಗೆ ಒಂದು ಸಾಲು. ಸರ್ವೆ ನಂಬರ್ ಕಾಲಂನಲ್ಲಿ 45/1;45/2;46/1ಅ ಎಂದು, ಪಕ್ಕದ ವಿಸ್ತೀರ್ಣದ ಕಾಲಂನಲ್ಲಿ 1-20;0-35;2-00 ಎಂದು ಎಕರೆ-ಗುಂಟೆ ಲೆಕ್ಕ ಇರುತ್ತದೆ. ಒಂದು ತಾಕಿಗೆ ಒಂದು ಸಾಲು ಆಗುವಂತೆ ಒಡೆದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹಾಕಬೇಕು. ಡೇಟಾವನ್ನು ಓದಿ ಬದಲಿಸಿ ಸಾಗಿಸುವ ಟ್ಯಾಲೆಂಡ್ ಟೂಲಿನ ಜಾಬ್‌ನಲ್ಲಿ, ಪಟ್ಟಿಯನ್ನು ಸಾಲುಗಳಾಗಿ ಒಡೆಯುವ ಎರಡು ಟಿ-ನಾರ್ಮಲೈಜ್ ಒಂದರ ಹಿಂದೆ ಒಂದು ಹಾಕಿದೆ. ಮೂರು ಸಾಲಿನ ಬದಲು ಒಂಬತ್ತು ಬಂದವು. ಪುನರಾವರ್ತನೆ ತೆಗೆಯುವ ಟಿ-ಯೂನಿಕ್‌ರೋ ಸೇರಿಸಿದ ಮೇಲೆ ಸಾಲು ಮೂರಾದವು, ಆದರೆ ಒಟ್ಟು ವಿಸ್ತೀರ್ಣ ಸರಿಹೊಂದುತ್ತಿಲ್ಲ. ಖಾಲಿ ಸಾಲು ತೆಗೆಯಲು ಟಿ-ಫಿಲ್ಟರ್‌ರೋ ಹಾಕಿದ್ದೇನೆ. ಈಗ ಕೆಲವು ಸದಸ್ಯರ ಹೆಸರೇ ಇಲ್ಲ. ಎಲ್ಲಿ ತಪ್ಪಿದ್ದೇನೆ?

ಉತ್ತರ: ಟಿ-ನಾರ್ಮಲೈಜ್ ಒಂದು ಸಲಕ್ಕೆ ಒಂದೇ ಕಾಲಂ ನೋಡುತ್ತದೆ. ನೀವು ಹೇಳಿದ ಕಾಲಂ ಅನ್ನು ಒಡೆದು, ಉಳಿದ ಕಾಲಂಗಳನ್ನು ಇದ್ದ ಹಾಗೇ ಪ್ರತಿ ಹೊಸ ಸಾಲಿಗೂ ನಕಲು ಮಾಡುತ್ತದೆ. ಹಾಗಾಗಿ ಮೊದಲ ಟಿ-ನಾರ್ಮಲೈಜ್ ಮುಗಿದಾಗ ಮೂರು ಸಾಲು ಇರುತ್ತವೆ, ಮೂರರಲ್ಲೂ ವಿಸ್ತೀರ್ಣದ ಪೂರ್ತಿ ಪಟ್ಟಿ ಕೂತಿರುತ್ತದೆ. ಎರಡನೆಯದು ಆ ಮೂರನ್ನೂ ಮೂರು ಮೂರಾಗಿ ಒಡೆಯುತ್ತದೆ. 45/1ಕ್ಕೆ 1-20 ಮಾತ್ರ ಸೇರಬೇಕು ಎಂಬ ಸಂಬಂಧ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ, ಏಕೆಂದರೆ ಆ ಸಂಬಂಧ ಫೈಲಿನಲ್ಲಿ ಎಲ್ಲಿಯೂ ಬರೆದಿಲ್ಲ. ಅದು ಇರುವುದು ಸ್ಥಾನದಲ್ಲಿ: ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು. ಒಡೆಯುವ ಮೊದಲು ಆ ಸ್ಥಾನವನ್ನು ಹಿಡಿದಿಡದಿದ್ದರೆ ಆಮೇಲೆ ಯಾವ ಕಾಂಪೊನೆಂಟ್ ಹಾಕಿದರೂ ಅದು ಮರಳಿ ಬರುವುದಿಲ್ಲ.

ಟಿ-ಯೂನಿಕ್‌ರೋ ಮಾಡಿದ ಅನಾಹುತವನ್ನು ಲೆಕ್ಕ ಹಾಕಿ ನೋಡಿ. ಎಲ್ಲವನ್ನೂ ಗುಂಟೆಗೆ ತಂದರೆ (40 ಗುಂಟೆಗೆ 1 ಎಕರೆ) ನಿಮ್ಮ ಉದಾಹರಣೆಯ ನಿಜವಾದ ಮೊತ್ತ 60 + 35 + 80 = 175 ಗುಂಟೆ, ಅಂದರೆ 4 ಎಕರೆ 15 ಗುಂಟೆ. ಒಂಬತ್ತು ಸಾಲಿನ ಮೊತ್ತ ಅದರ ಮೂರು ಪಟ್ಟು, 525 ಗುಂಟೆ, 13 ಎಕರೆ 5 ಗುಂಟೆ. ಇದು ಕಣ್ಣಿಗೆ ಹೊಡೆಯುವ ತಪ್ಪು, ಯಾರಾದರೂ ಹಿಡಿಯುತ್ತಾರೆ. ಆದರೆ ಸದಸ್ಯ ಸಂಖ್ಯೆ ಮತ್ತು ಸರ್ವೆ ನಂಬರ್ ಮೇಲೆ ಯೂನಿಕ್ ಮಾಡಿದಾಗ ಪ್ರತಿ ಸರ್ವೆ ನಂಬರಿಗೂ ಮೊದಲು ಬಂದ ಸಾಲು ಉಳಿಯುತ್ತದೆ, ಆ ಮೊದಲ ಸಾಲಿನಲ್ಲಿರುವುದು ಎಲ್ಲದಕ್ಕೂ 1-20. ಮೂರು ತಾಕಿಗೂ 60 ಗುಂಟೆ, ಒಟ್ಟು 180, ಅಂದರೆ 4 ಎಕರೆ 20 ಗುಂಟೆ. ನಿಜವಾದ 4-15ಕ್ಕೂ ಇದಕ್ಕೂ ಐದೇ ಗುಂಟೆ ವ್ಯತ್ಯಾಸ. ಇಂಥ ತಪ್ಪು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಟೇಬಲ್‌ನಲ್ಲಿ ಕೂತಿರಬಲ್ಲದು. ಒಂದೇ ತಾಕು ಇರುವ ಸದಸ್ಯರ ಲೆಕ್ಕವಂತೂ ಎರಡೂ ರೀತಿಯಲ್ಲಿ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಪರೀಕ್ಷೆಗೆ ನಾಲ್ಕಾರು ಸಾಲು ಆರಿಸಿಕೊಳ್ಳುವಾಗ ಎರಡು, ಮೂರು, ಐದು ತಾಕು ಇರುವವರನ್ನೇ ಆರಿಸಿ. ಟಿ-ಯೂನಿಕ್‌ರೋ ಈಗಲೇ ತೆಗೆದುಹಾಕಿ. ಗುಣಾಕಾರವಾದ ಸಾಲುಗಳನ್ನು ಯೂನಿಕ್ ಮಾಡಿ ಸರಿಪಡಿಸುವ ಪ್ರಯತ್ನ ಎಲ್ಲಿ ಕಂಡರೂ ಅನುಮಾನಿಸಬೇಕು.

ಸರಿಯಾದ ದಾರಿ: ಮೊದಲು ಜೋಡಿಸಿ, ಆಮೇಲೆ ಒಂದೇ ಸಲ ಒಡೆಯಿರಿ.

ಫೈಲ್ ಓದುವ ಟಿ-ಫೈಲ್‌ಇನ್‌ಪುಟ್‌ಡಿಲಿಮಿಟೆಡ್ ಆದ ಕೂಡಲೇ, ಪ್ರತಿ ಸಾಲಿನ ಮೇಲೂ ಜಾವಾ ಕೋಡ್ ಓಡಿಸುವ ಒಂದು ಟಿ-ಜಾವಾರೋ ಹಾಕಿ. ಅದರ ಔಟ್‌ಪುಟ್ ಸ್ಕೀಮಾಗೆ ಮೂಲ ಕಾಲಂಗಳ ಜೊತೆ ಮೂರು ಹೊಸ ಕಾಲಂ ಸೇರಿಸಿ: ಸರ್ವೆ ಎಣಿಕೆ, ವಿಸ್ತೀರ್ಣ ಎಣಿಕೆ, ಜೋಡಿಪಟ್ಟಿ. ಒಳಗಿನ ಜಾವಾ ಕೆಲಸ ಇಷ್ಟು. ಎರಡೂ ಕಾಲಂಗಳನ್ನು ತೆಗೆದುಕೊಳ್ಳಿ, ನಲ್, ಅಂದರೆ ಮೌಲ್ಯವೇ ಇಲ್ಲದೆ, ಇದ್ದರೆ ಖಾಲಿ ಸ್ಟ್ರಿಂಗ್ ಮಾಡಿ (ನಲ್ ಮೇಲೆ ಪಠ್ಯ ಒಡೆಯುವ ಸ್ಪ್ಲಿಟ್ ಕರೆದರೆ ನಲ್ ಪಾಯಿಂಟರ್ ಎಕ್ಸೆಪ್ಶನ್ ಬಂದು ಜಾಬ್ ಅಲ್ಲೇ ನಿಲ್ಲುತ್ತದೆ). ಖಾಲಿಯಾಗಿದ್ದರೆ ಎಣಿಕೆ 0 ಎಂದು ನೀವೇ ಬರೆಯಿರಿ, ಏಕೆಂದರೆ ಜಾವಾದಲ್ಲಿ ಖಾಲಿ ಸ್ಟ್ರಿಂಗನ್ನು ಸ್ಪ್ಲಿಟ್ ಮಾಡಿದರೆ ಸೊನ್ನೆ ಅಂಶದ ಪಟ್ಟಿ ಸಿಗುವುದಿಲ್ಲ, ಒಂದು ಖಾಲಿ ಅಂಶ ಇರುವ ಪಟ್ಟಿ ಸಿಗುತ್ತದೆ. ಇಲ್ಲದಿದ್ದರೆ ಎರಡನ್ನೂ ; ಮೇಲೆ ಸ್ಪ್ಲಿಟ್ ಮಾಡಿ, ಎರಡನೇ ಆರ್ಗ್ಯುಮೆಂಟ್ ಆಗಿ -1 ಕೊಡಿ.

ಆ -1 ಯಾಕೆಂದರೆ, ಜಾವಾದ ಸ್ಪ್ಲಿಟ್ ತಾನಾಗಿಯೇ ಕೊನೆಯ ಖಾಲಿ ಅಂಶಗಳನ್ನು ಬಿಸಾಡುತ್ತದೆ. ಮೂರು ಸರ್ವೆ ನಂಬರ್ ಇರುವವರ ವಿಸ್ತೀರ್ಣ 1-20;0-35; ಎಂದಿದ್ದರೆ, ಪಟ್ಟಿ ಬರೆದವರು ಮೂರನೆಯದರ ಅಳತೆ ಗೊತ್ತಿಲ್ಲ ಎಂದು ಜಾಗ ಬಿಟ್ಟಿದ್ದಾರೆ. -1 ಇಲ್ಲದೆ ಒಡೆದರೆ ಎರಡೇ ಅಂಶ ಸಿಗುತ್ತವೆ, ಆ ಮಾಹಿತಿ ಕಳೆದುಹೋಗುತ್ತದೆ. -1 ಇದ್ದರೆ ಮೂರು ಸಿಗುತ್ತವೆ, ಮೂರನೆಯದು ಖಾಲಿ. ನಡುವೆ ಖಾಲಿ ಬಿಟ್ಟ 1-20;;2-00 ರೀತಿಯದು ಎರಡರಲ್ಲೂ ಉಳಿಯುತ್ತದೆ. ಅಪಾಯ ಇರುವುದು ಬಾಲದಲ್ಲಿ ಮಾತ್ರ. ಟಿ-ನಾರ್ಮಲೈಜ್‌ನ ಸೆಟ್ಟಿಂಗ್‌ಗಳಲ್ಲೂ ಕೊನೆಯ ಖಾಲಿ ಅಂಶ ಬಿಡುವ ಆಯ್ಕೆಯೊಂದಿದೆ. ಜೋಡಿ ಕಾಲಂಗಳಿರುವ ಜಾಬ್‌ನಲ್ಲಿ ಅದನ್ನು ಮುಟ್ಟಬೇಡಿ.

ಈಗ ಎರಡೂ ಎಣಿಕೆ ಸಮವಾಗಿದ್ದರೆ, ಲೂಪ್ ಹಾಕಿ ಪ್ರತಿ ಸ್ಥಾನಕ್ಕೂ ಕ್ರಮಸಂಖ್ಯೆ, ಸರ್ವೆ ನಂಬರ್, ವಿಸ್ತೀರ್ಣ ಈ ಮೂರನ್ನು # ಹಾಕಿ ಕೂಡಿಸಿ, ಜೋಡಿಗಳ ನಡುವೆ ~ ಹಾಕಿ. ಎರಡೂ ಕಡೆ ಖಾಲಿ ಇರುವ ಸ್ಥಾನವನ್ನು ಮಾತ್ರ ಬಿಟ್ಟುಬಿಡಿ; ಎರಡು ಪಟ್ಟಿಯ ಕೊನೆಗೂ ಅಭ್ಯಾಸಬಲದಿಂದ ; ಹಾಕಿದವರ ಸಾಲು ಇದರಿಂದ ಸರಿಹೋಗುತ್ತದೆ. ನಿಮ್ಮ ಉದಾಹರಣೆ ಹೀಗಾಗುತ್ತದೆ:

1#45/1#1-20~2#45/2#0-35~3#46/1ಅ#2-00

ಇನ್ನು ಒಂದೇ ಒಂದು ಟಿ-ನಾರ್ಮಲೈಜ್ ಸಾಕು. ಕಾಲಂ ಜೋಡಿಪಟ್ಟಿ, ಐಟಂ ಸೆಪರೇಟರ್ "~". ಅದರ ಹಿಂದೆ ಟಿ-ಎಕ್ಸ್‌ಟ್ರಾಕ್ಟ್‌ಡಿಲಿಮಿಟೆಡ್‌ಫೀಲ್ಡ್ಸ್, ಫೀಲ್ಡ್ ಸೆಪರೇಟರ್ "#", ಹೊರಗೆ ಮೂರು ಕಾಲಂ. ಮೂರು ಸಾಲು ಬರುತ್ತವೆ, ಪ್ರತಿಯೊಂದರಲ್ಲೂ ತನ್ನದೇ ಅಳತೆ. ಆಮೇಲೆ ಟಿ-ಮ್ಯಾಪ್‌ನಲ್ಲಿ ಎಕರೆಯನ್ನು 40ರಿಂದ ಗುಣಿಸಿ ಗುಂಟೆ ಸೇರಿಸಿ, ಒಂದೇ ಪೂರ್ಣಾಂಕದ ಕಾಲಂ ಮಾಡಿ. ಅಲ್ಲಿಯೇ ಗುಂಟೆಯ ಭಾಗ 40ಕ್ಕಿಂತ ಕಡಿಮೆ ಇದೆಯೇ ಎಂದೂ ನೋಡಿ. 1-45 ಎಂಬ ಅಳತೆ ಇರಲು ಸಾಧ್ಯವಿಲ್ಲ, ಅದು ಬರೆಯುವಾಗಿನ ತಪ್ಪು.

ಎಣಿಕೆ ಸಮವಿಲ್ಲದ ಸಾಲನ್ನು ಏನು ಮಾಡಬೇಕು? ಟಿ-ಜಾವಾರೋ ಒಂದು ಸಾಲು ತೆಗೆದುಕೊಂಡು ಒಂದು ಸಾಲನ್ನೇ ಕೊಡುತ್ತದೆ, ಅದಕ್ಕೆ ತಿರಸ್ಕರಿಸುವ ದಾರಿ ಇಲ್ಲ. ಆದ್ದರಿಂದ ಅದರ ಹಿಂದೆ ಒಂದು ಟಿ-ಮ್ಯಾಪ್ ಇಟ್ಟು ಮೂರು ಔಟ್‌ಪುಟ್ ಮಾಡಿ: ಎರಡೂ ಎಣಿಕೆ ಸಮ ಮತ್ತು 0ಕ್ಕಿಂತ ಹೆಚ್ಚು, ಎರಡೂ 0, ಮತ್ತು ಅಸಮ. ಅಸಮವಾದವನ್ನು ಸದಸ್ಯ ಸಂಖ್ಯೆ ಸಮೇತ ಬೇರೊಂದು ಫೈಲಿಗೆ ಬರೆದು ಪಟ್ಟಿ ಮಾಡಿದವರಿಗೇ ವಾಪಸ್ ಕಳಿಸಿ. ಕಡಿಮೆ ಬಿದ್ದ ಕಡೆ ಖಾಲಿ ತುಂಬಿ ಮುಂದೆ ಕಳಿಸುವ ಆಸೆ ಬರುತ್ತದೆ, ಮಾಡಬೇಡಿ. ಕಾಣೆಯಾದ ಅಳತೆ ಕೊನೆಯದೇ ಆಗಿರಬೇಕೆಂದಿಲ್ಲ. ನಡುವಿನದು ಬಿಟ್ಟುಹೋಗಿದ್ದರೆ ಅದರ ನಂತರದ ಎಲ್ಲ ತಾಕುಗಳಿಗೂ ಪಕ್ಕದ ಹೊಲದ ಅಳತೆ ಅಂಟಿಕೊಳ್ಳುತ್ತದೆ. ಕೆಲವರು ನಾಲ್ಕು ಸರ್ವೆ ನಂಬರ್ ಬರೆದು ವಿಸ್ತೀರ್ಣದಲ್ಲಿ ಒಟ್ಟು ಅಳತೆ ಮಾತ್ರ ಬರೆದಿರುತ್ತಾರೆ. ಅದನ್ನು ನಾಲ್ಕರಿಂದ ಭಾಗಿಸಿದರೆ ಬರುವುದು ನಾಲ್ಕು ಸುಳ್ಳು ಅಳತೆ. ಜಮೀನಿನ ಲೆಕ್ಕದಲ್ಲಿ ಊಹೆಗೆ ಜಾಗ ಇರಬಾರದು.

ಇನ್ನೊಂದು ಆಯ್ಕೆಯ ಬಗ್ಗೆ ವಿಶೇಷವಾಗಿ ಎಚ್ಚರಿಕೆ ಕೊಡಬೇಕು. ಟಿ-ನಾರ್ಮಲೈಜ್‌ನಲ್ಲಿ ಪುನರಾವರ್ತನೆ ತೆಗೆಯುವ ಚೆಕ್‌ಬಾಕ್ಸ್ ಇದೆ. ವಿಸ್ತೀರ್ಣದ ಕಾಲಂ ಮೇಲೆ ಅದನ್ನು ಟಿಕ್ ಮಾಡಿದರೆ 0-20;0-20 ಎಂಬುದು ಒಂದೇ 0-20 ಆಗುತ್ತದೆ. ಅಕ್ಕಪಕ್ಕದ ಎರಡು ತಾಕು ಒಂದೇ ಅಳತೆಯವು ಇರುವುದು ಪಾಲಾದ ಜಮೀನಿನಲ್ಲಿ ಮಾಮೂಲು: ಅಣ್ಣತಮ್ಮಂದಿರು ಸಮಪಾಲು ಮಾಡಿಕೊಂಡಿರುತ್ತಾರೆ. ಒಂದು ಟಿಕ್‌ನಿಂದ ಅರ್ಧ ಎಕರೆ ಮಾಯ. ನೀವು ಕ್ರಮಸಂಖ್ಯೆ ಸೇರಿಸಿ ಜೋಡಿ ಮಾಡಿದ ಮೇಲೆ ಆ ಟಿಕ್ ಇದ್ದರೂ ಏನೂ ಕಳೆಯುವುದಿಲ್ಲ, ಪ್ರತಿ ಜೋಡಿಯೂ ಭಿನ್ನವಾಗಿರುವುದರಿಂದ. ಆದರೂ ತೆಗೆದೇ ಇಡಿ.

ನಾನು ~ ಮತ್ತು # ಆರಿಸಿದ್ದಕ್ಕೆ ಕಾರಣವಿದೆ. ಟಿ-ನಾರ್ಮಲೈಜ್‌ನ ಸೆಪರೇಟರ್ ಮತ್ತು ಟಿ-ಎಕ್ಸ್‌ಟ್ರಾಕ್ಟ್‌ಡಿಲಿಮಿಟೆಡ್‌ಫೀಲ್ಡ್ಸ್‌ನ ಸೆಪರೇಟರ್ ಎರಡೂ ಬರಿಯ ಅಕ್ಷರವಲ್ಲ, ರೆಗ್ಯುಲರ್ ಎಕ್ಸ್‌ಪ್ರೆಶನ್ (ರೆಜೆಕ್ಸ್), ಅಂದರೆ ಕೆಲವು ಚಿಹ್ನೆಗಳಿಗೆ ವಿಶೇಷ ಅರ್ಥವಿರುವ ಹುಡುಕಾಟದ ಮಾದರಿ. ಎಲ್ಲರೂ ಮೊದಲು ಎಡವುವುದು | ಚಿಹ್ನೆಯಲ್ಲಿ. ರೆಜೆಕ್ಸ್‌ನಲ್ಲಿ ಅದರ ಅರ್ಥ "ಇದು ಅಥವಾ ಅದು". ಎರಡೂ ಕಡೆ ಏನೂ ಇಲ್ಲದಿದ್ದಾಗ ಅದು ಪ್ರತಿ ಅಕ್ಷರದ ನಡುವೆಯೂ ಹೊಂದಿಕೊಳ್ಳುತ್ತದೆ, 45/1|45/2 ಎಂಬುದು 4, 5, /, 1 ಎಂದು ಒಂದೊಂದೇ ಅಕ್ಷರದ ಸಾಲಾಗಿ ಉದುರುತ್ತದೆ. ಚುಕ್ಕೆ ಕೊಟ್ಟರೆ ಪ್ರತಿ ಅಕ್ಷರವೂ ಸೆಪರೇಟರ್ ಆಗಿ ಖಾಲಿ ಅಂಶಗಳಷ್ಟೇ ಉಳಿಯುತ್ತವೆ. *, + ಅಥವಾ ? ಒಂಟಿಯಾಗಿ ಕೊಟ್ಟರೆ ಜಾಬ್ ಎಕ್ಸೆಪ್ಶನ್ ಎಸೆದು ನಿಲ್ಲುತ್ತದೆ. ಇವುಗಳಲ್ಲಿ ಅದೇ ಮೇಲು, ತಪ್ಪು ತಕ್ಷಣ ಗೊತ್ತಾಗುತ್ತದಲ್ಲ. ಈ ಚಿಹ್ನೆಗಳು ಬೇಕೇಬೇಕಾದರೆ ಮುಂದೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, "\\|" ಎಂದು ಬರೆಯಿರಿ. ಒಂದು ಬ್ಯಾಕ್‌ಸ್ಲ್ಯಾಶ್ ರೆಜೆಕ್ಸ್‌ಗೆ, ಇನ್ನೊಂದು ಜಾವಾ ಸ್ಟ್ರಿಂಗ್‌ಗೆ. ಪಹಣಿಯಿಂದ ನಕಲು ಮಾಡಿದವರು ಸರ್‌ನೋಕ್ (ಸರ್ವೆ ನಂಬರ್ ಮತ್ತು ಹಿಸ್ಸಾ ನಡುವಿನ ಭಾಗ) ಸೇರಿಸಿ 45/*/1 ಎಂದು ಬರೆದಿದ್ದರೆ ಹೆದರಬೇಕಿಲ್ಲ. ನಕ್ಷತ್ರ ಡೇಟಾದೊಳಗೆ ಇದ್ದರೆ ತೊಂದರೆಯಿಲ್ಲ, ಸೆಪರೇಟರ್ ಪೆಟ್ಟಿಗೆಯಲ್ಲಿದ್ದರೆ ಮಾತ್ರ ತೊಂದರೆ.

ರೆಜೆಕ್ಸ್ ಆಗಿರುವುದರಿಂದ ಲಾಭವೂ ಉಂಟು. ಊರೂರಿನಿಂದ ಬರುವ ಪಟ್ಟಿಯಲ್ಲಿ ಒಬ್ಬರು ; ಹಾಕುತ್ತಾರೆ, ಒಬ್ಬರು ಕಾಮಾ, ಮತ್ತೊಬ್ಬರು ಕೊನೆಯ ಎರಡರ ನಡುವೆ "ಮತ್ತು" ಎಂದೇ ಬರೆಯುತ್ತಾರೆ. ಟಿ-ಜಾವಾರೋದ ಸ್ಪ್ಲಿಟ್‌ಗೆ " *(;|,|ಮತ್ತು) *" ಕೊಟ್ಟರೆ ಎಲ್ಲವೂ ಒಂದೇ ಏಟಿಗೆ ಒಡೆದು ಅಕ್ಕಪಕ್ಕದ ಸ್ಪೇಸ್ ಕೂಡ ಹೋಗುತ್ತದೆ. ಇದನ್ನು ಸರ್ವೆ ನಂಬರ್ ಮತ್ತು ವಿಸ್ತೀರ್ಣಕ್ಕೆ ಮಾತ್ರ ಬಳಸಿ. ಹೆಸರಿನ ಕಾಲಂಗೆ ಬಳಸಿದರೆ ಇನಿಷಿಯಲ್ ನಂತರದ ಕಾಮಾದಲ್ಲಿ ಹೆಸರೇ ಎರಡಾಗುತ್ತದೆ. / ಮತ್ತು - ಚಿಹ್ನೆಗಳನ್ನು ಎಂದೂ ಸೆಪರೇಟರ್ ಆಗಿಸಬೇಡಿ, ಅವು ಮೌಲ್ಯದ ಒಳಗಿನವು. ~ ಅಥವಾ # ಮೂಲ ಡೇಟಾದಲ್ಲಿ ಇಲ್ಲವೆಂದು ಅದೇ ಟಿ-ಜಾವಾರೋದಲ್ಲಿ ಪರೀಕ್ಷಿಸಿ, ಇದ್ದರೆ ಆ ಸಾಲನ್ನು ಅಸಮದ ದಾರಿಗೆ ಹಾಕಿ.

ಕಾಮಾದಿಂದ ಬೇರ್ಪಟ್ಟ ಪಟ್ಟಿ ಕಾಮಾದಿಂದಲೇ ಬೇರ್ಪಟ್ಟ ಫೈಲಿನೊಳಗೆ ಬಂದಾಗ ಮೂಲ ಫೈಲು ಓದುವಲ್ಲಿಯೇ ಗಮನ ಬೇಕು. ಟಿ-ಫೈಲ್‌ಇನ್‌ಪುಟ್‌ಡಿಲಿಮಿಟೆಡ್‌ನಲ್ಲಿ ಸಿಎಸ್‌ವಿ ಆಪ್ಷನ್ಸ್ ಟಿಕ್ ಮಾಡಿ, ಎಸ್ಕೇಪ್ ಅಕ್ಷರ ಮತ್ತು ಟೆಕ್ಸ್ಟ್ ಎನ್‌ಕ್ಲೋಷರ್ ಎರಡಕ್ಕೂ ಡಬಲ್ ಕೋಟ್ ಕೊಡಿ. ಇಲ್ಲದಿದ್ದರೆ ಕೋಟ್‌ನೊಳಗಿನ ಕಾಮಾದಲ್ಲಿಯೂ ಕಾಲಂ ಒಡೆದು, ಎರಡನೇ ಸರ್ವೆ ನಂಬರ್ ವಿಸ್ತೀರ್ಣದ ಕಾಲಂಗೆ ಜಾರುತ್ತದೆ. ಎಕ್ಸೆಲ್ ಕೋಶದಲ್ಲಿ ಆಲ್ಟ್-ಎಂಟರ್ ಒತ್ತಿ ಒಂದರ ಕೆಳಗೊಂದು ಬರೆದವರೂ ಇರುತ್ತಾರೆ. ಆ ಹೊಸಸಾಲಿನ ಚಿಹ್ನೆಯೂ ಈ ಆಯ್ಕೆ ಇದ್ದರಷ್ಟೇ ಕೋಶದೊಳಗೆ ಉಳಿಯುತ್ತದೆ, ಇಲ್ಲದಿದ್ದರೆ ಒಬ್ಬ ಸದಸ್ಯರ ಸಾಲು ನಡುವೆ ಮುರಿದು ಎರಡಾಗುತ್ತದೆ.

ಎಕ್ಸೆಲ್ ಮಾತು ಬಂದದ್ದರಿಂದ, ನಿಮ್ಮ ಫೈಲಿಗೆ ಇರುವ ಎಲ್ಲಕ್ಕಿಂತ ದೊಡ್ಡ ಅಪಾಯ ಅಲ್ಲಿದೆ ಎನ್ನಲೇಬೇಕು. ಸಿಎಸ್‌ವಿಯನ್ನು ಯಾರಾದರೂ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ 4/1 ಎಂಬ ಸರ್ವೆ ನಂಬರ್ ತಾರೀಖಾಗುತ್ತದೆ. 2-10 ಎಂಬ ಎರಡು ಎಕರೆ ಹತ್ತು ಗುಂಟೆಯೂ ತಾರೀಖಾಗುತ್ತದೆ. ಆದರೆ 4/1;4/2 ತಾರೀಖಿನ ಹಾಗೆ ಕಾಣದ ಕಾರಣ ಹಾಗೇ ಉಳಿಯುತ್ತದೆ. ಅಂದರೆ ಕೆಡುವುದು ಒಂದೇ ತಾಕು ಇರುವ ಸದಸ್ಯರ ಸಾಲು ಮಾತ್ರ. ನೀವು ಒಡೆಯುವ ಜಾಬ್ ಪರೀಕ್ಷಿಸುವಾಗ ಬಹುತಾಕಿನ ಸಾಲುಗಳನ್ನೇ ನೋಡುತ್ತೀರಿ, ಕೆಟ್ಟವು ಕಣ್ಣಿಗೆ ಬೀಳುವುದೇ ಇಲ್ಲ. ಕಾಲಂ ಫಾರ್ಮ್ಯಾಟನ್ನು ಆಮೇಲೆ ಟೆಕ್ಸ್ಟ್‌ಗೆ ಬದಲಿಸಿದರೂ ಮೂಲ ಬರಹ ಮರಳುವುದಿಲ್ಲ, ತಾರೀಖಿನ ಹಿಂದಿರುವ ಅಂಕಿಯಷ್ಟೇ ಬರುತ್ತದೆ. ಡೇಟಾ ಟ್ಯಾಬ್‌ನ ಮೂಲಕ ಇಂಪೋರ್ಟ್ ಮಾಡಿ ಎರಡೂ ಕಾಲಂಗಳನ್ನು ಟೆಕ್ಸ್ಟ್ ಎಂದು ಮೊದಲೇ ಹೇಳುವುದು ಸುರಕ್ಷಿತ ದಾರಿ. ಜಾಬ್‌ನ ಕಡೆಯಿಂದ ಒಂದು ಕಾವಲು ಹಾಕಬಹುದು: ವಿಸ್ತೀರ್ಣದ ಪ್ರತಿ ಅಂಶವೂ ಅಂಕಿ, ಒಂದು ಅಡ್ಡಗೆರೆ, ಒಂದು ಅಥವಾ ಎರಡು ಅಂಕಿ ಇಷ್ಟೇ ಇರಬೇಕು. ತಿಂಗಳ ಹೆಸರೋ ನಾಲ್ಕಂಕಿಯ ವರ್ಷವೋ ಕಂಡರೆ ಅಸಮದ ದಾರಿಗೆ.

ಅಡ್ಡಗೆರೆಯ ಬದಲು ಚುಕ್ಕೆ ಹಾಕಿ 1.20 ಎಂದು ಬರೆಯುವ ರೂಢಿಯೂ ಇದೆ. ಅದು ಇನ್ನೂ ಕೆಟ್ಟದ್ದು. ಎಕ್ಸೆಲ್ ಅದನ್ನು ದಶಾಂಶವೆಂದು ತಿಳಿದು ಕೊನೆಯ ಸೊನ್ನೆ ತೆಗೆದು 1.2 ಮಾಡುತ್ತದೆ. ಒಂದು ಎಕರೆ ಇಪ್ಪತ್ತು ಗುಂಟೆಯೋ ಒಂದು ಎಕರೆ ಎರಡು ಗುಂಟೆಯೋ ಹೇಳಲು ಆಗದು. ದಶಾಂಶವಾಗಿ ಕೂಡಿಸಿದರೆ 1.20 + 0.35 + 2.00 = 3.55 ಬರುತ್ತದೆ, ನಿಜ 4-15. ಪಟ್ಟಿ ತಯಾರಿಸುವವರಿಗೆ ಅಡ್ಡಗೆರೆಯನ್ನೇ ಬಳಸುವಂತೆ ಹೇಳಿ.

ಕನ್ನಡದ ಡೇಟಾಕ್ಕೇ ವಿಶಿಷ್ಟವಾದ ಒಂದು ಸಂಗತಿ: ಅಂಕಿಗಳು. ಕೆಲವರು ೪೫/೧ ಎಂದೇ ಟೈಪ್ ಮಾಡುತ್ತಾರೆ. ಜಾವಾದಲ್ಲಿ ಪಠ್ಯವನ್ನು ಪೂರ್ಣಾಂಕ ಮಾಡುವ ಸಾಮಾನ್ಯ ವಿಧಾನ ಕನ್ನಡ ಅಂಕಿಯನ್ನೂ ಒಪ್ಪಿಕೊಳ್ಳುತ್ತದೆ. ಆದ್ದರಿಂದ ೧-೨೦ ಸರಿಯಾಗಿ 60 ಗುಂಟೆಯಾಗಿ ಮೊತ್ತಕ್ಕೆ ಸೇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಸರ್ವೆ ನಂಬರ್ ಪಠ್ಯವಾಗಿಯೇ ಉಳಿಯುವುದರಿಂದ ೪೫/೧ ಮತ್ತು 45/1 ಟೇಬಲ್‌ನಲ್ಲಿ ಎರಡು ಬೇರೆ ತಾಕುಗಳು. ಒಡೆಯುವ ಮೊದಲೇ ಅಂಕಿಗಳನ್ನು ಒಂದೇ ಲಿಪಿಗೆ ತನ್ನಿ. ಯೂನಿಕೋಡ್‌ನಲ್ಲಿ ಕನ್ನಡ ಅಂಕಿಗಳು 3302ರಿಂದ 3311ರವರೆಗೆ ಸಾಲಾಗಿ ಇರುವುದರಿಂದ, 3302 ಕಳೆದು 48 ಕೂಡಿಸಿದರೆ ಇಂಗ್ಲಿಷ್ ಅಂಕಿಯ ಸಂಖ್ಯೆ ಸಿಗುತ್ತದೆ. ಹಿಸ್ಸಾ ಅಕ್ಷರವನ್ನು ಮಾತ್ರ ತಾನಾಗಿ ಬದಲಿಸಬೇಡಿ. 46/1ಅ ಎಂಬುದರ ಅಕಾರವೂ ಇನ್ನೊಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದೂ ಒಂದೇ ಎಂದು ಹೇಳಬೇಕಾದದ್ದು ಆ ಊರಿನ ದಾಖಲೆ.

ಕಾಣದ ಅಕ್ಷರಗಳೂ ಇರುತ್ತವೆ. ಟಿ-ನಾರ್ಮಲೈಜ್‌ನ ಟ್ರಿಮ್ ಆಯ್ಕೆ ಆಗಲಿ ಜಾವಾದ ಹಳೆಯ ಟ್ರಿಮ್ ಆಗಲಿ ಯೂನಿಕೋಡ್ ಸಂಖ್ಯೆ 32 ಮತ್ತು ಅದಕ್ಕಿಂತ ಕೆಳಗಿನವನ್ನಷ್ಟೇ ಕತ್ತರಿಸುತ್ತದೆ. ವರ್ಡ್ ಅಥವಾ ವೆಬ್ ಪುಟದಿಂದ ಅಂಟಿಸಿದ ಪಠ್ಯದಲ್ಲಿ ಬರುವ 160ನೇ ಸಂಖ್ಯೆಯ ಮುರಿಯದ ಸ್ಪೇಸ್ ಹಾಗೇ ಉಳಿಯುತ್ತದೆ. ಕನ್ನಡ ಕೀಲಿಮಣೆಯಿಂದ 8204 ಮತ್ತು 8205ನೇ ಸಂಖ್ಯೆಯ ಶೂನ್ಯ ಅಗಲದ ಚಿಹ್ನೆಗಳು ಹಿಸ್ಸಾ ಅಕ್ಷರದ ಪಕ್ಕ ಸೇರಿಕೊಳ್ಳುತ್ತವೆ. ಸರ್ವೆ ನಂಬರ್ ಕಾಲಂನಿಂದ ಮೂರನ್ನೂ ಕಿತ್ತುಹಾಕಿ. ಹೆಸರು ಮತ್ತು ಗ್ರಾಮದ ಕಾಲಂನಿಂದ ಕೊನೆಯ ಎರಡನ್ನು ಕೀಳಬೇಡಿ, ಅಲ್ಲಿ ಅವು ಕಾಗುಣಿತದ ಭಾಗ: ಬಿಡಿಯಾಗಿ ಉಳಿಯಬೇಕಾದ ಅರ್ಧಾಕ್ಷರಕ್ಕೆ ಮುಂದಿನ ಅಕ್ಷರ ಒತ್ತಾಗಿಬಿಡುತ್ತದೆ.

ಇನ್ನು ಕಾಣೆಯಾದ ಸದಸ್ಯರು. ಟಿ-ಫಿಲ್ಟರ್‌ರೋದಲ್ಲಿ ನೀವು ಸರ್ವೆ ನಂಬರ್ ಖಾಲಿ ಇರುವ ಸಾಲು ಬೇಡ ಎಂದಿದ್ದೀರಿ. ಜಮೀನಿನ ವಿವರವೇ ಕೊಡದ ಸದಸ್ಯರು ಅಲ್ಲಿಯೇ ಬಿದ್ದುಹೋಗಿದ್ದಾರೆ. ಫಿಲ್ಟರ್ ಸರಿಪಡಿಸಿದರೆ ಇದು ಮುಗಿಯುವ ವಿಷಯವಲ್ಲ, ಏಕೆಂದರೆ ಮೂಲ ತಪ್ಪು ಎಲ್ಲವನ್ನೂ ಒಂದೇ ಟೇಬಲ್‌ಗೆ ಹಾಕಿರುವುದು. ಒಡೆದ ಕ್ಷಣದಿಂದ ಸಾಲಿನ ಅರ್ಥ ಬದಲಾಗಿದೆ: ಮೊದಲು ಒಂದು ಸಾಲೆಂದರೆ ಒಬ್ಬ ಸದಸ್ಯ, ಈಗ ಒಂದು ಸಾಲೆಂದರೆ ಒಂದು ತಾಕು. ಸದಸ್ಯನಿಗೆ ಸೇರಿದ ಮಾಹಿತಿ ತಾಕಿನ ಸಾಲಿನಲ್ಲಿ ಇರಬಾರದು. ನಿಮ್ಮ ಫೈಲಿನಲ್ಲಿ ಷೇರು ಮೊತ್ತದಂಥ ಕಾಲಂ ಇದ್ದು 1,000 ರೂಪಾಯಿ ಕಟ್ಟಿದವರಿಗೆ ಮೂರು ತಾಕು ಇದ್ದರೆ, ಒಡೆದ ಟೇಬಲ್‌ನಲ್ಲಿ ಅದು ಮೂರು ಸಲ ಬರುತ್ತದೆ, ವರದಿಯಲ್ಲಿ 3,000 ಆಗುತ್ತದೆ. ಎರಡು ಟೇಬಲ್ ಮಾಡಿ. ಸದಸ್ಯರ ಟೇಬಲ್‌ಗೆ ಒಡೆಯದ ಮೂಲ ಸಾಲುಗಳೆಲ್ಲ ಹೋಗಲಿ, ಖಾಲಿ ಇದ್ದವರೂ ಅಸಮ ಇದ್ದವರೂ ಸೇರಿ. ತಾಕಿನ ಟೇಬಲ್‌ಗೆ ನಾಲ್ಕೇ ಕಾಲಂ: ಸದಸ್ಯ ಸಂಖ್ಯೆ, ಕ್ರಮಸಂಖ್ಯೆ, ಸರ್ವೆ ನಂಬರ್, ಗುಂಟೆ. ಮೊದಲೆರಡು ಸೇರಿ ಪ್ರೈಮರಿ ಕೀ, ಅಂದರೆ ಪ್ರತಿ ಸಾಲನ್ನೂ ಬೇರೆಯಾಗಿ ಗುರುತಿಸುವ ಕೀ. ಸರ್ವೆ ನಂಬರನ್ನು ಕೀ ಮಾಡಬೇಡಿ, ಒಂದೇ ನಂಬರಿನಲ್ಲಿ ಒಬ್ಬರಿಗೇ ಎರಡು ತುಂಡು ಇರುವುದುಂಟು. ಗ್ರಾಮ ಸದಸ್ಯರ ಜೊತೆ ಇರಬೇಕೋ ತಾಕಿನ ಜೊತೆಯೋ ಎಂಬುದನ್ನು ಮಾತ್ರ ಯೋಚಿಸಿ: ಮನೆ ಒಂದೂರಲ್ಲಿ ಹೊಲ ಇನ್ನೊಂದೂರಲ್ಲಿ ಇರುವವರಿದ್ದರೆ, ಊರಿನ ಹೆಸರಿಲ್ಲದ ಸರ್ವೆ ನಂಬರಿಗೆ ಅರ್ಥವೇ ಇಲ್ಲ.

ಜಾಬ್ ಹಸಿರು ಬಣ್ಣ ತೋರಿಸಿ ಮುಗಿದ ಮಾತ್ರಕ್ಕೆ ನಂಬಬೇಡಿ. ಟಿ-ಜಾವಾರೋದಲ್ಲಿ ಜೋಡಿ ಮಾಡುವಾಗಲೇ, ಜಾಬ್ ಪೂರ್ತಿ ಮೌಲ್ಯಗಳನ್ನು ನೆನಪಿಡುವ ಗ್ಲೋಬಲ್ ಮ್ಯಾಪ್‌ನಲ್ಲಿ ಒಂದು ಲೆಕ್ಕ ಇಟ್ಟುಕೊಳ್ಳಿ: ಎಷ್ಟು ಜೋಡಿ ಬರೆದೆ, ಎಷ್ಟು ಗುಂಟೆ ಆಯಿತು. ಕೊನೆಗೆ ಡೇಟಾಬೇಸ್‌ನಿಂದ ಸಾಲಿನ ಎಣಿಕೆ ಮತ್ತು ಗುಂಟೆಯ ಮೊತ್ತ ಓದಿ ಹೋಲಿಸಿ. ವ್ಯತ್ಯಾಸ ಒಂದೇ ಇದ್ದರೂ ಟಿ-ಡೈ ಹಾಕಿ ನಿಲ್ಲಿಸಿ. ಮೂಲ ಫೈಲಿನಿಂದ ಸ್ವತಂತ್ರವಾಗಿ ಎಣಿಸಲು ಸುಲಭ ಉಪಾಯವಿದೆ: ಖಾಲಿಯಲ್ಲದ ಕಾಲಂನ ಉದ್ದದಿಂದ, ; ತೆಗೆದ ಕಾಲಂನ ಉದ್ದ ಕಳೆದು 1 ಕೂಡಿಸಿದರೆ ಅಂಶಗಳ ಸಂಖ್ಯೆ. ಇದನ್ನು ಸ್ಪ್ರೆಡ್‌ಶೀಟ್‌ನಲ್ಲೂ ಎಸ್‌ಕ್ಯೂಎಲ್‌ನಲ್ಲೂ ಮಾಡಬಹುದು.

ಆ ಪಟ್ಟಿ ಮೂಲದಲ್ಲಿಯೇ ತುಂಡಾಗಿಲ್ಲವೇ ಎಂದೂ ನೋಡಿ. ಮೂಲ ಕಾಲಂ 255 ಅಕ್ಷರದ್ದಾಗಿದ್ದರೆ ನಿಖರವಾಗಿ 255 ಉದ್ದದ ಸಾಲುಗಳನ್ನು ಹುಡುಕಿ. ಮೈಎಸ್‌ಕ್ಯೂಎಲ್‌ನ ಗ್ರೂಪ್_ಕಾನ್‌ಕ್ಯಾಟ್ ಬಳಸಿ ಯಾರಾದರೂ ಪಟ್ಟಿ ತೆಗೆದುಕೊಟ್ಟಿದ್ದರೆ ಅದರ ಸಹಜ ಮಿತಿ 1024 ಬೈಟ್, ದಾಟಿದರೆ ಎಚ್ಚರಿಕೆಯೊಂದನ್ನಷ್ಟೇ ದಾಖಲಿಸಿ ಉಳಿದದ್ದನ್ನು ಕತ್ತರಿಸುತ್ತದೆ. ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆ ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುವುದರಿಂದ ಊರಿನ ಹೆಸರುಗಳ ಪಟ್ಟಿ ಬೇಗ ಆ ಮಿತಿ ಮುಟ್ಟುತ್ತದೆ. ತುಂಡಾದ 46/12 ಎಂಬುದು 46/1 ಆಗಿ ಉಳಿದರೆ ಅದೂ ಒಂದು ಸರ್ವೆ ನಂಬರೇ, ಯಾವ ಫಿಲ್ಟರೂ ಹಿಡಿಯಲಾರದು.

ಕೊನೆಗೆ ಹೋಗುವುದು ಪೋಸ್ಟ್‌ಗ್ರೆಸ್‌ಗೇ ಎಂದ ಮೇಲೆ ಇನ್ನೊಂದು ದಾರಿಯನ್ನೂ ಹೇಳಬೇಕು, ನನ್ನ ದೃಷ್ಟಿಯಲ್ಲಿ ಅದೇ ಹಗುರ. ಮೂಲ ಸಾಲುಗಳನ್ನು ಒಡೆಯದೆ ಒಂದು ಸ್ಟೇಜಿಂಗ್ (ತಾತ್ಕಾಲಿಕ) ಟೇಬಲ್‌ಗೆ ಹಾಕಿ, ಒಡೆಯುವುದನ್ನು ಎಸ್‌ಕ್ಯೂಎಲ್‌ಗೆ ಬಿಡಿ. ಪೋಸ್ಟ್‌ಗ್ರೆಸ್ 9.4ರಿಂದ ಫ್ರಮ್ ಭಾಗದಲ್ಲಿ ಅನ್‌ನೆಸ್ಟ್‌ಗೆ ಎರಡು ಅರೇಗಳನ್ನು (ಮೌಲ್ಯಗಳ ಪಟ್ಟಿಗಳನ್ನು) ಒಟ್ಟಿಗೆ ಕೊಡಬಹುದು. ಅದು ಸ್ಥಾನಕ್ಕೆ ಸ್ಥಾನ ಜೋಡಿಸುತ್ತದೆ, ವಿತ್ ಆರ್ಡಿನಾಲಿಟಿ ಎಂದು ಸೇರಿಸಿದರೆ ಕ್ರಮಸಂಖ್ಯೆಯನ್ನೂ ಕೊಡುತ್ತದೆ. ಎರಡೂ ಕಾಲಂ ಮೇಲೆ ಸ್ಟ್ರಿಂಗ್_ಟು_ಅರೇ ಹಾಕಿ ಒಳಗೆ ಕೊಟ್ಟರೆ ಮುಗಿಯಿತು. ಎಚ್ಚರ ಬೇಕಾದದ್ದು ಎರಡೇ ಕಡೆ. ಅರೇಗಳ ಉದ್ದ ಬೇರೆಯಾದರೆ ಚಿಕ್ಕದಕ್ಕೆ ಅದು ಸದ್ದಿಲ್ಲದೆ ನಲ್ ತುಂಬುತ್ತದೆ, ಆದ್ದರಿಂದ ಉದ್ದ ಸಮವಿಲ್ಲದ ಸಾಲುಗಳನ್ನು ಮೊದಲೇ ಪ್ರತ್ಯೇಕಿಸಿ. ಸಾಮಾನ್ಯ ಕ್ರಾಸ್ ಜಾಯಿನ್ ಬರೆದರೆ ಪಟ್ಟಿ ಇಲ್ಲದ ಸದಸ್ಯರು ಇಲ್ಲಿಯೂ ಬಿದ್ದುಹೋಗುತ್ತಾರೆ, ಅವರು ಬೇಕಿದ್ದರೆ ಲೆಫ್ಟ್ ಜಾಯಿನ್ ಲ್ಯಾಟರಲ್.

ಬೇರೆ ಡೇಟಾಬೇಸ್ ಆದರೆ ನಿಯಮಗಳೂ ಬೇರೆ. ಎಸ್‌ಕ್ಯೂಎಲ್ ಸರ್ವರ್‌ನ ಸ್ಟ್ರಿಂಗ್_ಸ್ಪ್ಲಿಟ್ 2016ರ ಆವೃತ್ತಿಯಲ್ಲಿ ಬಂತು, ಒಂದೇ ಅಕ್ಷರದ ಸೆಪರೇಟರ್ ಒಪ್ಪುತ್ತದೆ, ಮತ್ತು 2022ರ ಆವೃತ್ತಿಯಲ್ಲಿ ಆರ್ಡಿನಲ್ ಆಯ್ಕೆ ಬರುವವರೆಗೆ ಕ್ರಮದ ಖಾತರಿಯೇ ಇರಲಿಲ್ಲ. ಹಳೆಯ ಆವೃತ್ತಿಯಲ್ಲಿ ಅದರಿಂದ ಜೋಡಿ ಮಾಡಬಾರದು, ಪಟ್ಟಿಯನ್ನು ಜೆಸನ್ ಅರೇ ಮಾಡಿ ಓಪನ್‌ಜೆಸನ್‌ನಿಂದ ಸ್ಥಾನ ಪಡೆಯಬೇಕು. ಒರಾಕಲ್‌ನಲ್ಲಿ ಎಲ್ಲರೂ ನಕಲು ಮಾಡುವ [^;]+ ಮಾದರಿ ನಡುವಿನ ಖಾಲಿ ಅಂಶವನ್ನು ನುಂಗಿಬಿಡುತ್ತದೆ, ಅಳತೆಗಳು ಒಂದು ಮನೆ ಮುಂದೆ ಸರಿಯುತ್ತವೆ. ಸ್ಪಾರ್ಕ್‌ನಲ್ಲಿ ಎಕ್ಸ್‌ಪ್ಲೋಡ್ ನಲ್ ಇರುವ ಸಾಲನ್ನು ಬಿಡುತ್ತದೆ, ಎಕ್ಸ್‌ಪ್ಲೋಡ್_ಔಟರ್ ಉಳಿಸುತ್ತದೆ. ಒಡೆಯುವ ಮೊದಲು ಜೋಡಿಸಲು ಅರೇಸ್_ಜಿಪ್ ಇದೆ.

ಟ್ಯಾಲೆಂಡ್‌ನಂಥದ್ದೇ ಟೂಲ್ ಆದ ಪೆಂಟಾಹೋ ಅಥವಾ ಅದರಿಂದ ಕವಲೊಡೆದ ಅಪಾಚೆ ಹಾಪ್ ಬಳಸುವವರಿಗೆ ಸ್ಪ್ಲಿಟ್ ಫೀಲ್ಡ್ ಟು ರೋಸ್ ಎಂಬ ಸ್ಟೆಪ್ ಇದೆ. ಹೆಸರು ಹತ್ತಿರವಿರುವ ಸ್ಪ್ಲಿಟ್ ಫೀಲ್ಡ್ಸ್ ಕಾಲಂಗಳಾಗಿ ಒಡೆಯುವಂಥದ್ದು, ಬದಲಾಗಿ ಆರಿಸಿಕೊಳ್ಳಬೇಡಿ. ಅಲ್ಲಿ ಡಿಲಿಮಿಟರ್ ರೆಜೆಕ್ಸ್ ಹೌದೋ ಅಲ್ಲವೋ ಎಂದು ನೀವೇ ಟಿಕ್ ಮಾಡಬಹುದು. ರೋನಂಬರ್ ಕಾಲಂ ಕೂಡ ಸಿಗುತ್ತದೆ, ಪ್ರತಿ ಮೂಲ ಸಾಲಿಗೂ ಅದನ್ನು 1ರಿಂದ ಆರಂಭಿಸುವ ಆಯ್ಕೆಯನ್ನು ಟಿಕ್ ಮಾಡಲು ಮರೆಯಬೇಡಿ. ಟ್ಯಾಲೆಂಡ್ ಓಪನ್ ಸ್ಟುಡಿಯೋ 2024ರ ಜನವರಿ 31ಕ್ಕೆ ನಿಂತುಹೋಯಿತು. ನಿಮ್ಮದು ಆ ಉಚಿತ ಆವೃತ್ತಿಯಾಗಿದ್ದರೆ ಈಗಿನ ಜಾಬ್ ಓಡುತ್ತಿರುತ್ತದೆ, ಆದರೆ ಹೊಸದಾಗಿ ಕಟ್ಟುವ ಒಡೆಯುವ ತರ್ಕವನ್ನು ಎಸ್‌ಕ್ಯೂಎಲ್‌ನಲ್ಲಿ ಇಟ್ಟರೆ ಟೂಲ್ ಬದಲಾದಾಗ ಮತ್ತೆ ಬರೆಯಬೇಕಿಲ್ಲ.

ಕೊನೆಯದಾಗಿ ಮರು ಓಟ. ಮುಂದಿನ ತಿಂಗಳು ಹೊಸ ಫೈಲ್ ಬರುತ್ತದೆ, ಅದೇ ಸದಸ್ಯರು 46/1ಅ ಮಾರಿದ್ದಾರೆ, ಪಟ್ಟಿಯಲ್ಲಿ ಈಗ ಎರಡೇ ತಾಕು. ಟಿ-ಡಿಬಿಔಟ್‌ಪುಟ್‌ನಲ್ಲಿ ಇನ್ಸರ್ಟ್ ಆರ್ ಅಪ್‌ಡೇಟ್ ಆರಿಸಿದ್ದರೆ ಕ್ರಮಸಂಖ್ಯೆ 1 ಮತ್ತು 2 ತಿದ್ದುಪಡಿಯಾಗುತ್ತವೆ, 3 ಹಳೆಯದೇ ಉಳಿಯುತ್ತದೆ. ಮಾರಿದ ಹೊಲ ಅವರ ಹೆಸರಲ್ಲೇ ಮುಂದುವರಿಯುತ್ತದೆ. ತಾಕಿನ ಟೇಬಲ್‌ಗೆ ಅಪ್‌ಡೇಟ್ ಬೇಡ. ಈ ಓಟದಲ್ಲಿ ಸರಿಯಾಗಿ ಒಡೆದ ಸದಸ್ಯರ ಹಳೆಯ ತಾಕುಗಳನ್ನೆಲ್ಲ ಮೊದಲು ಡಿಲೀಟ್ ಮಾಡಿ, ಹೊಸ ಸಾಲುಗಳನ್ನು ಸೇರಿಸಿ. ಎರಡನ್ನೂ ಒಂದೇ ಟಿ-ಡಿಬಿಕನೆಕ್ಷನ್ ಮೇಲೆ ನಡೆಸಿ, ಆಟೋ ಕಮಿಟ್ ತೆಗೆದು, ಎಣಿಕೆ ಮತ್ತು ಗುಂಟೆ ಸರಿಹೊಂದಿದ ಮೇಲಷ್ಟೇ ಟಿ-ಡಿಬಿಕಮಿಟ್. ಅಸಮದ ದಾರಿಗೆ ಹೋದವರ ಹಳೆಯ ತಾಕುಗಳನ್ನು ಮುಟ್ಟಬೇಡಿ, ತಿದ್ದಿದ ಪಟ್ಟಿ ಬರುವವರೆಗೆ ಹಿಂದಿನದೇ ಇರಲಿ. ಕ್ರಮಸಂಖ್ಯೆಗೆ ಟ್ಯಾಲೆಂಡ್‌ನ ನ್ಯೂಮೆರಿಕ್ ರೂಟೀನ್‌ನ ಸೀಕ್ವೆನ್ಸ್ ಬಳಸುವವರಿದ್ದಾರೆ. ಅದರ ಲೆಕ್ಕ ಜಾವಾದ ಪ್ರಕ್ರಿಯೆ ಇರುವವರೆಗೂ ನೆನಪಿನಲ್ಲಿ ಉಳಿಯುವುದರಿಂದ, ಒಂದೇ ಓಟದಲ್ಲಿ ಹಲವು ಫೈಲ್ ಸುತ್ತಿದರೆ ಎರಡನೇ ಫೈಲಿನಲ್ಲಿ ಅದೇ ಸದಸ್ಯರ ಎಣಿಕೆ 1ರಿಂದ ಶುರುವಾಗದೆ 4ರಿಂದ ಶುರುವಾಗುತ್ತದೆ. ಮೇಲೆ ಹೇಳಿದಂತೆ ಲೂಪಿನ ಸ್ಥಾನವನ್ನೇ ಕ್ರಮಸಂಖ್ಯೆ ಮಾಡಿದರೆ ಈ ತೊಂದರೆ ಇರುವುದಿಲ್ಲ.